ಎಣ್ಣೆಯೊಳಗೆ ಉದ್ದವಾಗುವ ಹನಿ

ಡಿಪ್ಲೊಮಾ ಮುಗಿಸಿದ ವರ್ಷ ನಾನು ರಾಯಚೂರಿನ ಒಂದು ಟಿಸಿ ರಿಪೇರಿ ಶೆಡ್ಡಿನಲ್ಲಿ ಕೆಲಸ ಕಲಿಯುತ್ತಿದ್ದೆ. ಟಿಸಿ ಎಂದರೆ ನಮ್ಮ ಕಡೆ ಬಿಡಿಸಿ ಹೇಳಬೇಕಿಲ್ಲ. ಹೊಲದ ಬದುವಿನಲ್ಲಿ ಜೋಡುಕಂಬದ ಮೇಲೆ ಕೂತು, 11 ಸಾವಿರ ವೋಲ್ಟನ್ನು ಪಂಪ್‌ಸೆಟ್ಟಿಗೆ ತಕ್ಕಂತೆ ನಾನೂರು ಚಿಲ್ಲರೆಗೆ ಇಳಿಸಿಕೊಡುವ ಟ್ರಾನ್ಸ್‌ಫಾರ್ಮರ್. ಸಿಂಧನೂರು, ಮಾನ್ವಿ ಕಡೆಯ ಭತ್ತದ ಗದ್ದೆಗಳಿಂದ ಅವು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಬರುತ್ತಿದ್ದವು. ಮೊದಲ ಮಳೆ ಬಿದ್ದ ವಾರವಂತೂ ಶೆಡ್ಡಿನ ಅಂಗಳದಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಬಂದ ಟಿಸಿಯ ಎಣ್ಣೆಗೆ ಮೊದಲು ಬಿಡಿವಿ ಟೆಸ್ಟ್, ಅಂದರೆ ಒಳಗೆ ಕಿಡಿ ಹಾರದಂತೆ ತಡೆಯುವ ಆ ಎಣ್ಣೆ ಎಷ್ಟು ವೋಲ್ಟೇಜಿನವರೆಗೆ ತಾಳುತ್ತದೆ ಎಂಬ ಪರೀಕ್ಷೆ. ಪಾರದರ್ಶಕ ಕಪ್ಪಿನಲ್ಲಿ ಎದುರುಬದುರಾಗಿ ಎರಡು ಲೋಹದ ಗುಂಡುಗಳು, ನಡುವೆ 2.5 ಮಿಲಿಮೀಟರ್ ಅಂತರ. ಕಪ್ಪಿಗೆ ಎಣ್ಣೆ ಸುರಿದು, ಗಾಳಿಗುಳ್ಳೆಗಳು ಮೇಲೆದ್ದು ಹೋಗುವ ತನಕ ಕಾದು, ಸೆಕೆಂಡಿಗೆ 2 ಕಿಲೋವೋಲ್ಟಿನಂತೆ ವೋಲ್ಟೇಜ್ ಏರಿಸುತ್ತಾ ಹೋಗುವುದು. ಎಣ್ಣೆ ತಡೆಯಲಾರದೆ ಗುಂಡಿನಿಂದ ಗುಂಡಿಗೆ ಕಿಡಿ ಹಾರಿದ ವೋಲ್ಟೇಜನ್ನು ಬರೆದುಕೊಳ್ಳುವುದು. ಹೀಗೆ ಆರು ಸಲ ಮಾಡಿ ಸರಾಸರಿ ತೆಗೆಯಬೇಕು. ಫಿಲ್ಟರ್ ಮಾಡದ ಹೊಸ ಎಣ್ಣೆಯೂ 30 ಕಿಲೋವೋಲ್ಟನ್ನಾದರೂ ತಾಳಬೇಕೆಂಬುದು ಲೆಕ್ಕ. ಮಳೆಗೆ ಸಿಕ್ಕ ಟಿಸಿಗಳ ಎಣ್ಣೆ ಅದರ ಅರ್ಧಕ್ಕೇ ಕೈಚೆಲ್ಲುತ್ತಿತ್ತು. ಕಣ್ಣಿಗೆ ನೋಡಿದರೆ ಅದೇ ತಿಳಿಹಳದಿ, ಅದೇ ತಿಳಿತನ.

"ನೀರು ಸೇರ್‍ಯದ" ಎಂದು ಶೆಡ್ಡಿನ ಹಿರಿಯ ಮಿಸ್ತ್ರಿ ಹೇಳುತ್ತಿದ್ದರು. ನೀರು ಸೇರಿದರೆ ಏನಾಗುತ್ತದೆ ಎಂದು ಕೇಳಿದೆ. ಅವರು ಬಾಯಲ್ಲಿ ಉತ್ತರ ಕೊಡಲಿಲ್ಲ. ಗುಂಡುಗಳ ಅಂತರವನ್ನು ಒಂದು ಸೆಂಟಿಮೀಟರಿನಷ್ಟು ಅಗಲ ಮಾಡಿ, ಸಿರಿಂಜಿನ ಸೂಜಿಯಿಂದ ಸಾಸಿವೆ ಕಾಳಿಗಿಂತ ಸಣ್ಣದೊಂದು ನೀರಿನ ಹನಿಯನ್ನು ಎಣ್ಣೆಗೆ ಬಿಟ್ಟು, ಮುಚ್ಚಳ ಹಾಕಿ, "ತಮ್ಮಾ, ಹನಿ ಮ್ಯಾಲೇ ಕಣ್ಣಿಡು" ಎಂದು ಗುಂಡಿ ತಿರುಗಿಸಿದರು. ಹನಿ ನಿಧಾನಕ್ಕೆ ಇಳಿಯುತ್ತಾ ಗುಂಡುಗಳ ನಡುವೆ ಬಂತು. ಅದುವರೆಗೆ ದುಂಡಗಿದ್ದದ್ದು ಎರಡೂ ಗುಂಡುಗಳ ಕಡೆಗೆ ಚಾಚಿಕೊಂಡು ಭತ್ತದ ಕಾಳಿನಂತಾಯಿತು. ಕಾಳಿನ ಎರಡು ತುದಿಗಳು ಮೊನಚಾದವು. ಆ ಮೊನೆಗಳಿಂದ ಏನೋ ಹೊಗೆಯಂಥದು ಚಿಮ್ಮಿತೆನ್ನುವಷ್ಟರಲ್ಲಿ ಚಟ್ಟೆಂದು ಕಿಡಿ ಹಾರಿ ಕಿಟ್ ಬಂದಾಯಿತು. ಎಲ್ಲ ಸೇರಿ ಮೂರು ನಾಲ್ಕು ಸೆಕೆಂಡು. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಆಮೇಲೆ ಬಹಳ ವರ್ಷ ಹಿಡಿಯಿತು. ಕಾಲೇಜಿನಲ್ಲಿ ಪಾಠ ಹೇಳುವ ಈಗಲೂ ಅದೇ ಹನಿಯಿಂದ ಶುರು ಮಾಡುತ್ತೇನೆ.

ಎಣ್ಣೆಯಲ್ಲಿ ಬಿದ್ದ ನೀರಿನ ಹನಿ ದುಂಡಗೇ ಏಕಿರುತ್ತದೆ ಎಂಬಲ್ಲಿಂದ ಹೊರಡೋಣ. ಹನಿಯ ಒಳಗಿನ ಪ್ರತಿಯೊಂದು ಅಣುವಿಗೂ ಸುತ್ತ ತನ್ನವರೇ ಇದ್ದಾರೆ. ಅಂಚಿನಲ್ಲಿರುವ ಅಣುವಿಗೆ ಮಾತ್ರ ಒಂದು ಕಡೆ ನೀರು, ಇನ್ನೊಂದು ಕಡೆ ಹೊಂದದ ಎಣ್ಣೆ. ಹಾಗಾಗಿ ಅಂಚು ಸಾಧ್ಯವಾದಷ್ಟು ಕಡಿಮೆ ಇರಲೆಂದು ಹನಿ ತನ್ನನ್ನು ತಾನೇ ಬಿಗಿದುಕೊಳ್ಳುತ್ತದೆ, ಮತ್ತು ಇಷ್ಟು ನೀರನ್ನು ಅತಿ ಕಡಿಮೆ ಮೇಲ್ಮೈಯಲ್ಲಿ ಹಿಡಿಯಬಲ್ಲ ಆಕಾರ ಗೋಳವೊಂದೇ. ಈ ಬಿಗಿತಕ್ಕೆ ಮೇಲ್ಮೈ ಎಳೆತ ಎನ್ನುತ್ತಾರೆ. ಹೊಸ ಟ್ರಾನ್ಸ್‌ಫಾರ್ಮರ್ ಎಣ್ಣೆಗೂ ನೀರಿಗೂ ನಡುವೆ ಅದು ಮೀಟರಿಗೆ ಸುಮಾರು 0.04 ನ್ಯೂಟನ್. ಕೇಳಲು ಅತ್ಯಲ್ಪ. ಆದರೆ ಹನಿ ಸಣ್ಣದಾದಷ್ಟೂ ಈ ಬಿಗಿತದಿಂದ ಒಳಗೆ ಹುಟ್ಟುವ ಒತ್ತಡ ಹೆಚ್ಚುತ್ತದೆ. ಒಂದು ಮಿಲಿಮೀಟರ್ ತ್ರಿಜ್ಯದ ಹನಿಯಲ್ಲಿ ಅದು 80 ಪ್ಯಾಸ್ಕಲ್ ಮಾತ್ರ. ಮೂರು ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ತ್ರಿಜ್ಯದ ಹನಿಯಲ್ಲಿ 27 ಸಾವಿರ ಪ್ಯಾಸ್ಕಲ್ ದಾಟುವ ಹತ್ತಿರ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಕಾಲು ಭಾಗ. ಸಣ್ಣ ಹನಿ ಗಟ್ಟಿ ಹನಿ. ಈ ಮಾತು ಮುಂದೆ ಬೇಕಾಗುತ್ತದೆ.

ಈಗ ವೋಲ್ಟೇಜ್ ಹಾಕಿದೆವು ಅನ್ನಿ. ಹನಿಗೆ ನಾವು ಯಾವ ತಂತಿಯನ್ನೂ ಜೋಡಿಸಿಲ್ಲ, ವಿದ್ಯುತ್ ಆವೇಶವನ್ನೂ ಕೊಟ್ಟಿಲ್ಲ. ಅದು ಒಟ್ಟಾರೆ ತಟಸ್ಥ. ಆದರೂ ಎಳೆತಕ್ಕೆ ಸಿಕ್ಕಿತು. ಎಣ್ಣೆಗೆ ಹೋಲಿಸಿದರೆ ನಮ್ಮ ನಲ್ಲಿಯ ನೀರು ಒಳ್ಳೆಯ ವಾಹಕ. ಅದರಲ್ಲಿ ಕರಗಿರುವ ಲವಣದ ಅಯಾನುಗಳು ಓಡಾಡಬಲ್ಲವು. ಧನ ಗುಂಡಿನ ಕಡೆಯ ತುದಿಗೆ ಋಣ ಅಯಾನುಗಳು, ಋಣ ಗುಂಡಿನ ಕಡೆಯ ತುದಿಗೆ ಧನ ಅಯಾನುಗಳು ಕಣ್ಣೆವೆ ಮುಚ್ಚುವುದರೊಳಗೆ ಬಂದು ಸೇರುತ್ತವೆ. ಒಂದೊಂದು ತುದಿಯನ್ನೂ ಅದರ ಎದುರಿನ ಗುಂಡು ತನ್ನ ಕಡೆ ಎಳೆಯುತ್ತದೆ. ಎರಡೂ ಎಳೆತ ಸರಿಸಮವಾದ್ದರಿಂದ ಹನಿ ಎತ್ತಲೂ ಸರಿಯದೆ ಇದ್ದಲ್ಲೇ ಹಿಗ್ಗುತ್ತದೆ.

ಇಲ್ಲಿ ನನಗೆ ಬಹಳ ಪ್ರಿಯವಾದ ಒಂದು ಸಂಗತಿಯಿದೆ. ವಾಹಕ ಗೋಳವೊಂದನ್ನು ಸಮನಾದ ವಿದ್ಯುತ್ ಕ್ಷೇತ್ರದಲ್ಲಿ, ಅಂದರೆ ಅಂತರದ ಪ್ರತಿ ಮಿಲಿಮೀಟರಿಗೂ ಒಂದೇ ಸಮ ವೋಲ್ಟೇಜ್ ಬೀಳುವಲ್ಲಿ, ಇಟ್ಟರೆ, ಅದರ ಎರಡು ತುದಿಗಳಲ್ಲಿ ಕ್ಷೇತ್ರ ಸರಿಯಾಗಿ ಮೂರು ಪಟ್ಟಾಗುತ್ತದೆ, ನಡುಪಟ್ಟಿಯಲ್ಲಿ ಸೊನ್ನೆಯಾಗುತ್ತದೆ. ಗೋಳ ದೊಡ್ಡದಿರಲಿ ಚಿಕ್ಕದಿರಲಿ, ಮೂರೇ ಪಟ್ಟು. ಎಳೆತದ ಒತ್ತಡ ಕ್ಷೇತ್ರದ ವರ್ಗಕ್ಕೆ ಅನುಗುಣ, ಆದ್ದರಿಂದ ತುದಿಗಳಲ್ಲಿ ಎಳೆತ ಒಂಬತ್ತು ಪಟ್ಟು, ನಡುವಿನಲ್ಲಿ ಏನೂ ಇಲ್ಲ. ಹನಿ ಏಕೆ ಎಲ್ಲ ಕಡೆಗೂ ಊದದೆ ಉದ್ದಕ್ಕಷ್ಟೇ ಚಾಚುತ್ತದೆ ಎಂಬುದಕ್ಕೆ ಇಷ್ಟೇ ಉತ್ತರ.

ಲೆಕ್ಕ ಹಾಕಿ ನೋಡಿ. ಬಿಡಿವಿ ಕಪ್ಪಿನಲ್ಲಿ 30 ಕಿಲೋವೋಲ್ಟ್ ಮುಟ್ಟಿದಾಗ 2.5 ಮಿಲಿಮೀಟರ್ ಅಂತರದಲ್ಲಿ ಕ್ಷೇತ್ರ ಪ್ರತಿ ಮಿಲಿಮೀಟರಿಗೆ ಸುಮಾರು 12 ಕಿಲೋವೋಲ್ಟ್. ಆ ಕ್ಷೇತ್ರದಲ್ಲಿ ಹನಿಯ ತುದಿಯ ಮೇಲಿನ ಎಳೆತ 12 ಸಾವಿರ ಪ್ಯಾಸ್ಕಲ್ ದಾಟುತ್ತದೆ. ಮೂರು ಮೈಕ್ರಾನ್ ಹನಿಯ ಒಳ ಒತ್ತಡ 27 ಸಾವಿರದ ಹತ್ತಿರ ಎಂದೆವಲ್ಲ, ಅದರ ಅರ್ಧಕ್ಕೆ ಸಮೀಪ. ಅರ್ಧವೇ ತಾನೆ, ಬಿಗಿತ ಗೆಲ್ಲುತ್ತದೆ ಎನ್ನಿಸಬಹುದು. ಗೆಲ್ಲುವುದಿಲ್ಲ. ಹನಿ ಸ್ವಲ್ಪ ಉದ್ದವಾದ ಕೂಡಲೇ ತುದಿ ಸ್ವಲ್ಪ ಚೂಪಾಗುತ್ತದೆ, ಚೂಪಾದಲ್ಲಿ ಕ್ಷೇತ್ರ ಮೂರು ಪಟ್ಟನ್ನೂ ಮೀರುತ್ತದೆ, ಎಳೆತ ಹೆಚ್ಚುತ್ತದೆ, ಹನಿ ಇನ್ನಷ್ಟು ಉದ್ದವಾಗುತ್ತದೆ. ಕಾಲುವೆಯ ದಂಡೆಯಲ್ಲಿ ಬಿದ್ದ ಸಣ್ಣ ಬಿರುಕನ್ನು ನೀರೇ ಅಗಲ ಮಾಡಿಕೊಂಡು, ಅಗಲವಾದಷ್ಟೂ ಹೆಚ್ಚು ನುಗ್ಗುವ ಹಾಗೆ. ತುಂಗಭದ್ರಾ ಎಡದಂಡೆಯ ರೈತರಿಗೆ ಈ ಮಾತನ್ನು ನಾನು ಹೇಳಿಕೊಡಬೇಕಿಲ್ಲ.

ಒಂದು ಹಂತದವರೆಗೆ ಹನಿ ಈ ಜಗ್ಗಾಟದಲ್ಲಿ ಸಮತೋಲ ಕಾಯ್ದುಕೊಳ್ಳುತ್ತದೆ. ಉದ್ದವು ಅಗಲದ ಸುಮಾರು 1.9 ಪಟ್ಟಾಗುವವರೆಗೆ ಅದು ಬರೀ ಉದ್ದನೆಯ ಹನಿ, ವೋಲ್ಟೇಜ್ ಇಳಿಸಿದರೆ ಮತ್ತೆ ದುಂಡಗಾಗುತ್ತದೆ. ಅದನ್ನು ದಾಟಿತೆಂದರೆ ನಿಲ್ಲುವ ಜಾಗವೇ ಇಲ್ಲ. ಒಂದು ಮಿಲಿಮೀಟರ್ ತ್ರಿಜ್ಯದ ನೀರಿನ ಹನಿ ಹೊಸ ಎಣ್ಣೆಯಲ್ಲಿ ಈ ಗಡಿ ಮುಟ್ಟಲು ಮಿಲಿಮೀಟರಿಗೆ 0.7 ಕಿಲೋವೋಲ್ಟಿನಷ್ಟು ಸಾಕು. ಅದರ ಹತ್ತನೇ ಒಂದರಷ್ಟು ಸಣ್ಣ ಹನಿಗೆ 2 ಕಿಲೋವೋಲ್ಟ್ ಬೇಕು. 12 ಕಿಲೋವೋಲ್ಟಿನ ಕ್ಷೇತ್ರದಲ್ಲಿ ಮೂರು ಮೈಕ್ರಾನಿಗಿಂತ ದೊಡ್ಡ ತ್ರಿಜ್ಯದ ಯಾವ ಹನಿಯೂ ಉಳಿಯುವುದಿಲ್ಲ. ಕೂದಲೆಳೆಯ ದಪ್ಪ ಸುಮಾರು 70 ಮೈಕ್ರಾನ್ ಎಂದು ನೆನೆದರೆ, ಎಷ್ಟು ಸಣ್ಣ ಹನಿಯ ಮಾತು ಆಡುತ್ತಿದ್ದೇವೆ ಎಂಬುದು ತಿಳಿಯುತ್ತದೆ. ಆ ಕಪ್ಪಿನ ಎಣ್ಣೆ ಕಣ್ಣಿಗೆ ತಿಳಿಯಾಗಿ ಕಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಗಡಿ ದಾಟಿದ ಹನಿಯ ತುದಿ ಶಂಕುವಾಗುತ್ತದೆ, ಅದೂ ಯಾವುದೋ ಒಂದು ಶಂಕುವಲ್ಲ. ಅದರ ಅಕ್ಷಕ್ಕೂ ಪಕ್ಕಕ್ಕೂ ನಡುವಿನ ಕೋನ 49.3 ಡಿಗ್ರಿ ಎಂದು 1964ರಲ್ಲಿ ಕೇಂಬ್ರಿಜ್‌ನ ಜೆಫ್ರಿ ಇಂಗ್ರಾಮ್ ಟೇಲರ್ ತೋರಿಸಿದರು. ಆಗ ಅವರ ವಯಸ್ಸು 78. ಅವರ ತರ್ಕ ಹೀಗಿತ್ತು: ಶಂಕುವಿನ ಮೊನೆಯಿಂದ ದೂರ ಹೋದಂತೆ ಬಿಗಿತದ ಒತ್ತಡ ದೂರಕ್ಕೆ ವಿಲೋಮವಾಗಿ ತಗ್ಗುತ್ತದೆ. ವಿದ್ಯುತ್ ಎಳೆತವೂ ಪ್ರತಿ ಬಿಂದುವಿನಲ್ಲಿ ಅದಕ್ಕೆ ಸರಿಗಟ್ಟಬೇಕಾದರೆ ಅದೂ ಅದೇ ರೀತಿಯಲ್ಲಿ ತಗ್ಗಬೇಕು. ಹಾಗೆ ತಗ್ಗುವ ಕ್ಷೇತ್ರ ಕೊಡುವ ಶಂಕು ಒಂದೇ ಒಂದು. ಇಂದು ಅದಕ್ಕೆ ಟೇಲರ್ ಶಂಕು ಎಂದೇ ಹೆಸರು. ಅದರ ಮೊನೆಯಿಂದ ಸೂಜಿಗಿಂತ ತೆಳುವಾದ ಧಾರೆ ಹೊರಟು, ಒಡೆದು, ಆವೇಶ ಹೊತ್ತ ಅತಿಸಣ್ಣ ಹನಿಗಳ ಸಿಂಪಡಣೆಯಾಗುತ್ತದೆ. ಶೆಡ್ಡಿನಲ್ಲಿ ನಾನು ಹೊಗೆ ಎಂದುಕೊಂಡದ್ದು ಇದನ್ನೇ. ಪ್ರೋಟೀನಿನಂಥ ದೊಡ್ಡ ಅಣುಗಳನ್ನು ಮುರಿಯದೆ ತೂಗಲು ಇದೇ ಸಿಂಪಡಣೆಯನ್ನು ಬಳಸಿದ್ದಕ್ಕೆ ಜಾನ್ ಫೆನ್ 2002ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಪಡೆದರು.

ಇದನ್ನು ಮೊದಲು ಕಂಡವರು ಟೇಲರ್ ಅಲ್ಲ. ಉಜ್ಜಿದ ಅಂಬರನ್ನು ಒಣ ಜಾಗದ ಮೇಲೆ ಕೂತ ನೀರಿನ ಹನಿಯ ಹತ್ತಿರ ಹಿಡಿದರೆ ಹನಿ ಶಂಕುವಿನಂತೆ ಮೇಲೇಳುತ್ತದೆ ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲೇ ಬರೆದಿಟ್ಟಿದ್ದ. ಈ ಪ್ರಯೋಗ ನೀವೂ ಮಾಡಬಹುದು. ನಮ್ಮೂರಿನ ಮಾರ್ಚ್ ತಿಂಗಳ ಒಣಹವೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ತಟ್ಟೆಗೆ ಮೇಣ ಸವರಿ ಒಂದು ಹನಿ ನೀರಿಡಿ. ಪಿವಿಸಿ ಪೈಪಿನ ತುಂಡನ್ನು ಕಂಬಳಿಯಿಂದ ಚೆನ್ನಾಗಿ ಉಜ್ಜಿ ಹನಿಯ ಮೇಲಿನಿಂದ ನಿಧಾನವಾಗಿ ಹತ್ತಿರ ತನ್ನಿ. ಹನಿ ಅದರತ್ತ ಕತ್ತು ಚಾಚುವುದು ಕಾಣುತ್ತದೆ. ಮಿಸ್ತ್ರಿ ತೋರಿಸಿದ ಪ್ರಯೋಗವನ್ನು ಮಾತ್ರ ದಯವಿಟ್ಟು ಮನೆಯಲ್ಲಿ ಮಾಡಬೇಡಿ. ಅಲ್ಲಿರುವುದು ಜೀವ ತೆಗೆಯುವ ವೋಲ್ಟೇಜ್.

ಇಲ್ಲಿಯವರೆಗಿನ ಕತೆ ಸುಲಭದ್ದು. ವಾಹಕ ಹನಿ, ಅವಾಹಕ ಎಣ್ಣೆ, ಹನಿ ಉದ್ದವಾಗುತ್ತದೆ. ನೀರಿನ ಬದಲು ಹನಿಯೂ ಒಂದು ಬಗೆಯ ಎಣ್ಣೆಯೇ ಆಗಿದ್ದರೆ? ಅದರಲ್ಲಿ ಆವೇಶ ಓಡಾಡದಿದ್ದರೂ ಅಣುಗಳು ಕ್ಷೇತ್ರದ ಕಡೆ ತುಸು ವಾಲುತ್ತವೆ. ಆ ವಾಲಿಕೆಯನ್ನಷ್ಟೇ ಲೆಕ್ಕಕ್ಕೆ ಹಿಡಿದು 1953ರಲ್ಲಿ ಓಕಾನ್ಸ್ಕಿ ಮತ್ತು ಥ್ಯಾಚರ್ ಗಣಿತ ಮಾಡಿದರು. ಬಂದ ಉತ್ತರ: ಶುದ್ಧ ಅವಾಹಕದ ಹನಿ ಶುದ್ಧ ಅವಾಹಕದೊಳಗೆ ಇದ್ದರೆ, ಯಾವುದು ಒಳಗಿರಲಿ ಯಾವುದು ಹೊರಗಿರಲಿ, ಹನಿ ಯಾವಾಗಲೂ ಉದ್ದವೇ ಆಗಬೇಕು. ಚಪ್ಪಟೆಯಾಗಲು ಸಾಧ್ಯವೇ ಇಲ್ಲ.

1962ರಲ್ಲಿ ಕೆನಡಾದ ಅಲನ್ ಮತ್ತು ಮೇಸನ್ ಎಂಬಿಬ್ಬರು ಪ್ರಯೋಗ ಮಾಡಿದರು. ಕೆಲವು ಹನಿಗಳು ಚಪ್ಪಟೆಯಾದವು. ರೊಟ್ಟಿ ಬಡಿಯುವ ಮುಂಚೆ ಜೋಳದ ಹಿಟ್ಟಿನ ಮುದ್ದೆಯನ್ನು ಅಂಗೈಯಲ್ಲಿ ಅದುಮಿದ ಹಾಗೆ, ಕ್ಷೇತ್ರದ ದಿಕ್ಕಿನಲ್ಲಿ ಕುಗ್ಗಿ ಅಡ್ಡಕ್ಕೆ ಹರಡಿದವು. ಗಣಿತದಲ್ಲಿ ತಪ್ಪಿರಲಿಲ್ಲ, ಪ್ರಯೋಗದಲ್ಲೂ ತಪ್ಪಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿತ್ತು? 1966ರಲ್ಲಿ, 80ರ ವಯಸ್ಸಿನಲ್ಲಿ, ಟೇಲರ್ ಮತ್ತೆ ಕೈಹಾಕಿ ಅದನ್ನು ಹುಡುಕಿದರು. ತಪ್ಪು ಇದ್ದದ್ದು 'ಶುದ್ಧ ಅವಾಹಕ' ಎಂಬ ಪದದಲ್ಲಿ. ಅಂಥ ದ್ರವ ಯಾವುದೂ ಇಲ್ಲ. ಪ್ರತಿಯೊಂದು ಎಣ್ಣೆಯಲ್ಲೂ ವಿದ್ಯುತ್ತು ತೊಟ್ಟಿಕ್ಕುವಷ್ಟಾದರೂ ಸೋರುತ್ತದೆ. ನೀರಿಗೆ ಹೋಲಿಸಿದರೆ ಲಕ್ಷದಲ್ಲಿ ಒಂದು, ಕೋಟಿಯಲ್ಲಿ ಒಂದು ಪಾಲು ಇರಬಹುದು. ಆದರೆ ಸ್ಥಿರವಾದ ಕ್ಷೇತ್ರದಲ್ಲಿ ಕಾಯುವಷ್ಟು ಹೊತ್ತು ಕಾದರೆ, ಆ ಸೋರಿಕೆ ಹೊತ್ತು ತಂದ ಆವೇಶ ಹನಿಯ ಮೇಲ್ಮೈಯಲ್ಲಿ ಕೂಡುತ್ತದೆ. ಹನಿಯ ಆಕಾರವನ್ನು ತೀರ್ಮಾನಿಸುವುದು ಆ ಆವೇಶವೇ.

ಎಷ್ಟು ಹೊತ್ತು ಕಾಯಬೇಕು? ನಮ್ಮ ಹೊಲಗಳಲ್ಲೇ ಬೆಳೆಯುವ ಔಡಲದ ಎಣ್ಣೆಯನ್ನೇ ತೆಗೆದುಕೊಳ್ಳಿ. ಈ ವಿಷಯದ ಪ್ರಯೋಗಶಾಲೆಗಳಲ್ಲಿ ಔಡಲೆಣ್ಣೆ ದಶಕಗಳಿಂದ ಬಳಕೆಯಲ್ಲಿದೆ, ಏಕೆಂದರೆ ಅದು ಮಂದ, ತಿಳಿ, ಮತ್ತು ಸರಿಯಾದ ಪ್ರಮಾಣದಲ್ಲಿ ಸೋರುತ್ತದೆ. ಅದರಲ್ಲಿ ಆವೇಶ ಮೇಲ್ಮೈಗೆ ಬಂದು ನೆಲೆಗೊಳ್ಳಲು ಸುಮಾರು ಒಂದು ಸೆಕೆಂಡು ಬೇಕು. ಒಳ್ಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಹತ್ತಾರು ಸೆಕೆಂಡು. ಉಪ್ಪು ಬೆರೆತ ನೀರಿನಲ್ಲಾದರೆ ಸೆಕೆಂಡಿನ ಕೋಟಿಯ ಒಂದು ಪಾಲಿಗಿಂತಲೂ ಕಡಿಮೆ.

ಔಡಲೆಣ್ಣೆಯಲ್ಲಿ ಸಿಲಿಕೋನ್ ಎಣ್ಣೆಯ ಹನಿ ತೇಲಿಬಿಟ್ಟಿದ್ದೇವೆ ಎಂದುಕೊಳ್ಳಿ, ಮೇಲೆ ಧನ ತಟ್ಟೆ, ಕೆಳಗೆ ಋಣ ತಟ್ಟೆ. ಸಿಲಿಕೋನ್ ಎಣ್ಣೆಗಿಂತ ಔಡಲೆಣ್ಣೆ ಹೆಚ್ಚು ಸೋರುತ್ತದೆ. ಹೊರಗಿನಿಂದ ಹರಿದುಬಂದ ಧನ ಆವೇಶ ಹನಿಯ ನೆತ್ತಿಗೆ ಮುಟ್ಟಿ, ಒಳಗೆ ಅಷ್ಟು ಸುಲಭವಾಗಿ ನುಸುಳಲಾರದೆ ಅಲ್ಲೇ ಜಮಾಯಿಸುತ್ತದೆ. ಮುಚ್ಚಿದ ತೂಬಿನ ಮುಂದೆ ಕಾಲುವೆ ನೀರು ನಿಂತ ಹಾಗೆ. ಕೆಳತುದಿಯಲ್ಲಿ ಅದೇ ರೀತಿ ಋಣ ಆವೇಶ. ಈಗ ನೀರಿನ ಹನಿಯ ಚಿತ್ರವನ್ನು ನೆನಪಿಸಿಕೊಳ್ಳಿ. ಅಲ್ಲಿ ಧನ ತಟ್ಟೆಯ ಕಡೆಗೆ ಋಣ ಆವೇಶವಿತ್ತು. ಇಲ್ಲಿ ಧನದ ಎದುರಿಗೆ ಧನವೇ ಇದೆ. ತಟ್ಟೆಗಳು ತುದಿಗಳನ್ನು ಎಳೆಯುವ ಬದಲು ಎರಡೂ ಕಡೆಯಿಂದ ಒತ್ತುತ್ತವೆ. ಹನಿ ಚಪ್ಪಟೆಯಾಗುತ್ತದೆ. ಇವೆರಡು ಎಣ್ಣೆಗಳನ್ನೇ ಅದಲುಬದಲು ಮಾಡಿ, ಸಿಲಿಕೋನ್ ಎಣ್ಣೆಯಲ್ಲಿ ಔಡಲೆಣ್ಣೆಯ ಹನಿ ಬಿಟ್ಟರೆ, ಹನಿ ಮತ್ತೆ ಉದ್ದಕ್ಕೆ ಚಾಚುತ್ತದೆ.

ಟೇಲರ್ ಕಂಡದ್ದು ಇಷ್ಟೇ ಆಗಿದ್ದರೂ ದೊಡ್ಡದೇ. ಅವರು ಇನ್ನೊಂದು ಹೆಜ್ಜೆ ಇಟ್ಟರು. ಮೇಲ್ಮೈಯಲ್ಲಿ ಆವೇಶ ಕೂತಿದೆ, ಮತ್ತು ಮೇಲ್ಮೈಯ ಉದ್ದಕ್ಕೂ ಕ್ಷೇತ್ರದ ಒಂದು ಪಾಲು ಸವರಿಕೊಂಡು ಹೋಗುತ್ತಿದೆ ಎಂದರೆ, ಆ ಆವೇಶ ಸುಮ್ಮನೆ ಕೂರಲಾರದು. ನೆತ್ತಿಯ ಧನ ಆವೇಶವನ್ನು ಕ್ಷೇತ್ರ ಕೆಳಗೆ, ನಡುಪಟ್ಟಿಯತ್ತ ಎಳೆಯುತ್ತದೆ. ಕೆಳಗಿನ ಋಣ ಆವೇಶವನ್ನು ಮೇಲೆ, ಅದೂ ನಡುಪಟ್ಟಿಯತ್ತಲೇ. ಆವೇಶ ತನ್ನ ಜೊತೆ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಹನಿ ಸ್ಥಿರವಾಗಿ ನಿಂತಂತೆ ಕಂಡರೂ ಅದರ ಒಳಗೂ ಹೊರಗೂ ಎಣ್ಣೆ ಸುತ್ತುತ್ತಲೇ ಇರುತ್ತದೆ, ತುದಿಯಿಂದ ನಡುವಿಗೆ, ನಡುವಿನಿಂದ ಒಳಹಾದಿಯಲ್ಲಿ ಮತ್ತೆ ತುದಿಗೆ. ಎಣ್ಣೆಗೆ ಸಣ್ಣ ಕಣಗಳನ್ನು ಬೆರೆಸಿ ಬೆಳಕು ಬಿಟ್ಟು ಫೋಟೋ ತೆಗೆದಾಗ ಈ ಸುಳಿಗಳು ಎದ್ದು ಕಂಡವು. ಹನಿ ಹೊರಗಿನ ದ್ರವಕ್ಕಿಂತ ಹೆಚ್ಚು ವಾಹಕವಾಗಿದ್ದರೆ ಸುಳಿಯ ದಿಕ್ಕು ಸಾಮಾನ್ಯವಾಗಿ ತಿರುಗುಮುರುಗು. ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇಲ್ಲಿದೆ. ನಿಂತ ಹನಿ ಎಂದು ನಾವು ಕರೆಯುವುದು ನಿಂತಿಲ್ಲ, ಮತ್ತು ಅದನ್ನು ತಿರುಗಿಸುತ್ತಿರುವುದು ನಾವು ಲೆಕ್ಕಕ್ಕೇ ಹಿಡಿಯದೆ ಬಿಟ್ಟಿದ್ದ ಸೋರಿಕೆ.

ಹನಿ ಉದ್ದವೋ ಚಪ್ಪಟೆಯೋ ಎಂದು ಮೊದಲೇ ಹೇಳಲು ಟೇಲರ್ ಸೂತ್ರ ಮೂರು ಅನುಪಾತ ಕೇಳುತ್ತದೆ. ಒಳಗಿನದು ಹೊರಗಿನದಕ್ಕಿಂತ ಎಷ್ಟು ಪಟ್ಟು ಹೆಚ್ಚು ವಿದ್ಯುತ್ ಹರಿಸುತ್ತದೆ, ಅದರ ಅಣುಗಳು ಕ್ಷೇತ್ರಕ್ಕೆ ಎಷ್ಟು ಪಟ್ಟು ಹೆಚ್ಚು ವಾಲುತ್ತವೆ, ಅದು ಎಷ್ಟು ಪಟ್ಟು ಹೆಚ್ಚು ಮಂದವಾಗಿದೆ. ಮಂದತನವೂ ಬೇಕಾಯಿತು ಎನ್ನುವುದೇ ಹರಿವಿನ ಗುರುತು. ಏನೂ ಹರಿಯದಿದ್ದರೆ ಸ್ನಿಗ್ಧತೆಗೆ ಅಲ್ಲೇನು ಕೆಲಸ? ಎಷ್ಟು ವಿರೂಪ ಎಂಬುದನ್ನು ಕ್ಷೇತ್ರದ ವರ್ಗ ಮತ್ತು ಹನಿಯ ತ್ರಿಜ್ಯದ ಗುಣಲಬ್ಧವನ್ನು ಮೇಲ್ಮೈ ಎಳೆತದಿಂದ ಭಾಗಿಸಿದ್ದು ತೀರ್ಮಾನಿಸುತ್ತದೆ. ಕ್ಷೇತ್ರ ಎರಡು ಪಟ್ಟಾದರೆ ವಿರೂಪ ನಾಲ್ಕು ಪಟ್ಟು. 1969ರಲ್ಲಿ ಜೇಮ್ಸ್ ಮೆಲ್ಚರ್ ಜೊತೆ ಸೇರಿ ಟೇಲರ್ ಈ ವಿಚಾರಕ್ಕೆ ಪೂರ್ಣ ರೂಪ ಕೊಟ್ಟರು. ಇದು ಹನಿ ಸ್ವಲ್ಪವೇ ಬಾಗಿದಾಗ ನಂಬಬಹುದಾದ ಸೂತ್ರ. ಜೋರು ಕ್ಷೇತ್ರದಲ್ಲಿ ಹನಿಗಳು ಬೇರೆಯೇ ಆಟ ಹೂಡುತ್ತವೆ. ಔಡಲೆಣ್ಣೆಯಲ್ಲಿನ ಚಪ್ಪಟೆ ಸಿಲಿಕೋನ್ ಹನಿ ಒಂದು ಮಿತಿ ದಾಟಿದ ಮೇಲೆ ಒಂದು ಕಡೆ ವಾಲಿ, ಓರೆಯಾಗಿ ನಿಂತು, ತನ್ನೊಳಗೆ ತಿರುಗತೊಡಗುತ್ತದೆ. ಘನ ಗೋಳಗಳು ಹೀಗೆ ತಾವಾಗಿ ತಿರುಗುವುದನ್ನು ಜರ್ಮನಿಯ ಕ್ವಿಂಕೆ 1896ರಲ್ಲೇ ವರದಿ ಮಾಡಿದ್ದ. ಹನಿಗಳ ಓರೆಯ ಬಗ್ಗೆ ಒಳ್ಳೆಯ ಅಳತೆಗಳು ಬಂದದ್ದು 2010ರ ಹೊತ್ತಿಗೆ, ಸಾಲಿಪಾಂಟೆ ಮತ್ತು ವ್ಲಾಹೋವ್ಸ್ಕಾ ಅವರಿಂದ.

ಮನೆಗೆ ಬರುವ ಕರೆಂಟು ಡಿಸಿ ಅಲ್ಲವಲ್ಲ ಎಂದು ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ನಮ್ಮ 50 ಹರ್ಟ್ಸ್ ಎಸಿಯಲ್ಲಿ ಕ್ಷೇತ್ರ ಪ್ರತಿ ನೂರನೇ ಒಂದು ಸೆಕೆಂಡಿಗೆ ದಿಕ್ಕು ಬದಲಿಸುತ್ತದೆ. ಔಡಲೆಣ್ಣೆಯ ಆವೇಶಕ್ಕೆ ಮೇಲ್ಮೈಗೆ ಬಂದು ಸೇರಲು ಒಂದು ಸೆಕೆಂಡು ಬೇಕು. ಅದು ಹೊರಡುವಷ್ಟರಲ್ಲಿ ವಾಪಸ್ ಬಾ ಎಂಬ ಕರೆ ಬಂದಿರುತ್ತದೆ. ಹಾಗಾಗಿ ಎಸಿಯಲ್ಲಿ ಆ ಎಣ್ಣೆಗಳು ಶುದ್ಧ ಅವಾಹಕಗಳಂತೆಯೇ ನಡೆದುಕೊಂಡು, 1953ರ ಗಣಿತ ಮತ್ತೆ ನಿಜವಾಗಿ, ಚಪ್ಪಟೆ ಹನಿ ತುಸು ಉದ್ದವಾಗುತ್ತದೆ. ನೀರಿನ ಹನಿಗೆ ಈ ತೊಂದರೆ ಇಲ್ಲ. ಅದರ ಅಯಾನುಗಳು ಎಷ್ಟು ಚುರುಕೆಂದರೆ 50 ಹರ್ಟ್ಸ್ ಅವಕ್ಕೆ ನಿಂತ ಕ್ಷೇತ್ರವಿದ್ದಂತೆ. ಎಳೆತ ಕ್ಷೇತ್ರದ ವರ್ಗಕ್ಕೆ ಅನುಗುಣವಾದ್ದರಿಂದ ದಿಕ್ಕು ತಿರುಗಿದರೂ ಎಳೆತ ಎಳೆತವೇ. ಟಿಸಿಯೊಳಗಿನ ಹನಿ ಡಿಸಿಯಲ್ಲೂ ಎಸಿಯಲ್ಲೂ ಉದ್ದವಾಗುವುದು ಇದಕ್ಕೇ.

ಟಿಸಿಗೇ ವಾಪಸ್ ಬರೋಣ. ಎಣ್ಣೆಯಲ್ಲಿ ನೀರಿದೆ ಎಂದಾಕ್ಷಣ ಹನಿ ಇದೆ ಎಂದಲ್ಲ. ಸಕ್ಕರೆ ಚಹಾದಲ್ಲಿ ಕರಗುವಂತೆ ನೀರೂ ಎಣ್ಣೆಯಲ್ಲಿ ಸ್ವಲ್ಪ ಕರಗುತ್ತದೆ, ಕರಗಿದ ನೀರಿಗೆ ಮೇಲ್ಮೈಯೇ ಇಲ್ಲ, ಆಕಾರವೂ ಇಲ್ಲ. ಟ್ರಾನ್ಸ್‌ಫಾರ್ಮರ್ ಎಣ್ಣೆಯ ಹತ್ತು ಲಕ್ಷ ಪಾಲಿನಲ್ಲಿ 25 ಡಿಗ್ರಿ ಉಷ್ಣತೆಗೆ ಸುಮಾರು 70 ಪಾಲು ನೀರು ಕರಗಬಲ್ಲದು, 80 ಡಿಗ್ರಿಗೆ 400ಕ್ಕೂ ಹೆಚ್ಚು. ಅಪಾಯ ಇರುವುದು ಇವೆರಡರ ನಡುವಿನ ವ್ಯತ್ಯಾಸದಲ್ಲಿ. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವಾಗ ಟಿಸಿ ಕಾಯುತ್ತದೆ, ಸುರುಳಿಗೆ ಸುತ್ತಿದ ಕಾಗದ ಮತ್ತು ಹತ್ತಿಯ ಪಟ್ಟಿಯೊಳಗಿನ ತೇವ ಎಣ್ಣೆಗೆ ಬರುತ್ತದೆ, ಬಿಸಿ ಎಣ್ಣೆ ಅದನ್ನು ಅರಗಿಸಿಕೊಳ್ಳುತ್ತದೆ. ಲೈನು ಹೋದಾಗ, ಅದರಲ್ಲೂ ಮಳೆ ಸುರಿದು ತಂಪಾದ ರಾತ್ರಿ, ಎಣ್ಣೆ ಆರುತ್ತದೆ. ಹೆಚ್ಚಾದ ನೀರು ಹೊರಬಿದ್ದು ಎಣ್ಣೆಯೊಳಗೆ ಮಂಜು ಕಟ್ಟುತ್ತದೆ. ಆರಿದ ಎಣ್ಣೆ ಕುಗ್ಗುವುದರಿಂದ ಟಿಸಿ ಹೊರಗಿನ ಗಾಳಿಯನ್ನೂ ಒಳಗೆಳೆದುಕೊಳ್ಳುತ್ತದೆ. ಆ ಗಾಳಿಯ ತೇವ ಹೀರಲೆಂದೇ ಉಸಿರುನಳಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟಿರುವುದು. ನೀಲಿ ಹರಳು ಗುಲಾಬಿಗೆ ತಿರುಗಿದ್ದರೆ ಅದರ ಹೊಟ್ಟೆ ತುಂಬಿತೆಂದು ಅರ್ಥ. ಬೆಳಿಗ್ಗೆ ಲೈನು ಬಂದ ಕೂಡಲೇ ಆ ಮಂಜಿನ ಹನಿಗಳೆಲ್ಲ ಕ್ಷೇತ್ರಕ್ಕೆ ಸಿಗುತ್ತವೆ.

ಎಣ್ಣೆ ಹಳೆಯದಾದರೆ ಇನ್ನೊಂದು ಪೆಟ್ಟು. ಗಾಳಿ ಸೇರಿ ಹುಳಿಯಾದ ಎಣ್ಣೆಯಲ್ಲಿ ಹುಟ್ಟುವ ಆಮ್ಲಗಳು ಸಾಬೂನಿನಂತೆ ನೀರಿಗೂ ಎಣ್ಣೆಗೂ ಸಂಧಾನ ಮಾಡಿಸಿ, 0.04 ಇದ್ದ ಮೇಲ್ಮೈ ಎಳೆತವನ್ನು 0.015ರ ಆಸುಪಾಸಿಗೆ ಇಳಿಸಬಲ್ಲವು. ಅಷ್ಟೇ ಗಾತ್ರದ ಹನಿ ಈಗ ಮೊದಲಿನ ಶೇಕಡಾ 60ರಷ್ಟು ಕ್ಷೇತ್ರಕ್ಕೇ ಹರಿದುಹೋಗುತ್ತದೆ. ಮತ್ತೆ ಕಿಡಿಗೆ ಹನಿಯೊಂದೇ ಕಾರಣ ಎಂದೂ ಅಲ್ಲ. ಕಾಗದದಿಂದ ಬಿಟ್ಟ ನಾರಿನ ಎಳೆಗಳು ನೀರು ಕುಡಿದು, ಉದ್ದನೆಯ ಹನಿಗಳಂತೆಯೇ ಕ್ಷೇತ್ರದ ದಿಕ್ಕಿಗೆ ತಿರುಗಿ, ತುದಿಗೆ ತುದಿ ಕಚ್ಚಿಕೊಂಡು ಸಾಲುಗಟ್ಟುತ್ತವೆ. ನಡುನಡುವೆ ಹನಿಗಳು ಸೇರಿ ಸೇತುವೆಯಾಗುತ್ತದೆ. ಬಹಳಷ್ಟು ಸಲ ಕಿಡಿ ಓಡುವುದು ಈ ಸೇತುವೆಯ ಮೇಲೆ.

ಟಿಸಿಯಲ್ಲಿ ಕೇಡು ಮಾಡುವ ಈ ಗುಣವನ್ನೇ ಬೇರೆ ಕಡೆ ಕೆಲಸಕ್ಕೆ ಹಚ್ಚಿದ್ದಾರೆ. ಕಚ್ಚಾ ತೈಲದಲ್ಲಿ ಉಪ್ಪುನೀರು ಸೂಕ್ಷ್ಮ ಹನಿಗಳಾಗಿ ಬೆರೆತಿರುತ್ತದೆ. ಬಿಟ್ಟರೆ ದಿನಗಟ್ಟಲೆ ಕೆಳಗಿಳಿಯದು. ಕ್ಷೇತ್ರ ಹಾಕಿದರೆ ಪ್ರತಿ ಹನಿಗೂ ಒಂದು ಧನ ತುದಿ, ಒಂದು ಋಣ ತುದಿ ಬಂದು, ಹಿಂದುಮುಂದೆ ನಿಂತ ಹನಿಗಳು ಒಂದನ್ನೊಂದು ಸೆಳೆದು ಕೂಡಿ ದೊಡ್ಡದಾಗಿ ಕೆಳಗಿಳಿಯುತ್ತವೆ. ಅಮೆರಿಕದ ಫ್ರೆಡರಿಕ್ ಕಾಟ್ರೆಲ್ 1911ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಹೊಗೆಯಿಂದ ಬೂದಿಯನ್ನು ಹಿಡಿದಿಡುವ ವಿದ್ಯುತ್ ಶೋಧಕವನ್ನು ಕಾರ್ಖಾನೆಗಳಿಗೆ ತಂದವರೂ ಅವರೇ. ಶಕ್ತಿನಗರದಂಥ ಕಲ್ಲಿದ್ದಲು ಸ್ಥಾವರಗಳ ಚಿಮಣಿಯ ಹಿಂದೆ ಇರುವುದು ಆ ಕುಟುಂಬದ ಯಂತ್ರ. ಆದರೆ ಕ್ಷೇತ್ರ ಹೆಚ್ಚಿದಷ್ಟೂ ಹನಿಗಳು ಬೇಗ ಕೂಡುತ್ತವೆ ಎಂಬ ಲೆಕ್ಕ ಒಂದು ಕಡೆ ತಲೆಕೆಳಗಾಗುತ್ತದೆ. 2009ರಲ್ಲಿ ರಿಸ್ಟೆನ್‌ಪಾರ್ಟ್ ಮತ್ತು ಸಂಗಡಿಗರು ತೋರಿಸಿದಂತೆ, ಮಿತಿ ಮೀರಿದ ಕ್ಷೇತ್ರದಲ್ಲಿ ವಿರುದ್ಧ ಆವೇಶದ ಎರಡು ಹನಿಗಳು ಹತ್ತಿರ ಬಂದು, ಮೊನೆಗೆ ಮೊನೆ ತಾಗಿಸಿ, ಆವೇಶ ಬದಲಿಸಿಕೊಂಡು, ಕೂಡದೆ ಪುಟಿದು ದೂರ ಹೋಗುತ್ತವೆ. ತಾಗುವ ಕ್ಷಣದಲ್ಲಿ ಮೊನೆಗಳು ಅಷ್ಟು ಚೂಪಾಗಿದ್ದರೆ, ನಡುವೆ ಹುಟ್ಟುವ ತೆಳುವಾದ ಕತ್ತನ್ನು ಮೇಲ್ಮೈ ಎಳೆತ ಅಗಲ ಮಾಡುವ ಬದಲು ಕಡಿದುಹಾಕುತ್ತದೆ.

ಹನಿಯ ಸುತ್ತ ಇರುವುದು ಎಣ್ಣೆಯೇ ಆಗಬೇಕೆಂದಿಲ್ಲ, ಗಾಳಿಯಾದರೂ ಆದೀತು. ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಕಿಲೋವೋಲ್ಟಿನ ಲೈನು ಹೋಗಿದೆ. ದಕ್ಷಿಣದ ಗ್ರಿಡ್ಡು ದೇಶದ ಉಳಿದ ಗ್ರಿಡ್ಡಿನ ಜೊತೆ ಒಂದೇ ತಾಳದಲ್ಲಿ ಸೇರಿದ್ದು 2013ರ ಡಿಸೆಂಬರ್ 31ರಂದು, ಇದೇ ಲೈನಿನ ಮೂಲಕ. ಅಂಥ ಲೈನಿನ ಕೆಳಗೆ ಬೇಸಿಗೆಯಲ್ಲಿ ನಿಂತರೆ ಸದ್ದು ಕಡಿಮೆ. ಜಿಟಿಜಿಟಿ ಮಳೆಯಲ್ಲಿ ನಿಂತರೆ ಹುರಿಯುವಂಥ ಚರಚರ ಸದ್ದು. ತಂತಿಯ ಹೊಟ್ಟೆಗೆ ಅಂಟಿಕೊಂಡು ತೂಗುವ ಪ್ರತಿ ಮಳೆಹನಿಯೂ ಕ್ಷೇತ್ರದ ಎಳೆತಕ್ಕೆ ಉದ್ದವಾಗಿ, ಮೊನೆಗೊಂಡು, ಮೊನೆಯಿಂದ ಗಾಳಿಗೆ ವಿದ್ಯುತ್ತು ಸೋರಿಸುತ್ತಿರುತ್ತದೆ. ಒಂದು ಮಿಲಿಮೀಟರ್ ತ್ರಿಜ್ಯದ ಹನಿ ಗಾಳಿಯಲ್ಲಿ ಹರಿಯಲು ಸೆಂಟಿಮೀಟರಿಗೆ ಸುಮಾರು 13 ಕಿಲೋವೋಲ್ಟ್ ಸಾಕು. ಒಣ ಗಾಳಿಯೇ ಒಡೆಯಲು 30 ಬೇಕು. ಹನಿ ಇದ್ದಲ್ಲಿ ಲೈನು ಮೊದಲೇ ಮಾತಾಡತೊಡಗುವುದು ಈ ಅಂತರದಿಂದ.

ಶೆಡ್ಡಿನಲ್ಲಿ ಆ ದಿನ ಹನಿ ತೋರಿಸಿದ ಮೇಲೆ ಮಿಸ್ತ್ರಿ ಪ್ರಣಾಳದಲ್ಲಿ ಅದೇ ಟಿಸಿಯ ಎಣ್ಣೆ ಹಿಡಿದು ಸ್ಟವ್ ಮೇಲೆ ಕಾಯಿಸಿ ನನ್ನ ಕಿವಿಯ ಹತ್ತಿರ ತಂದಿದ್ದರು. ಒಗ್ಗರಣೆಗೆ ನೀರು ಬಿದ್ದಂತೆ ಚಟಪಟ ಕೇಳಿತು. ಆಮೇಲೆ ಎಣ್ಣೆಯನ್ನು ಫಿಲ್ಟರ್ ಮಷೀನಿಗೆ ಕೊಟ್ಟು, ಬಿಸಿ ಮಾಡಿ, ನಿರ್ವಾತದಲ್ಲಿ ನೀರು ಹಾರಿಸಿ, ರಾತ್ರಿಯೆಲ್ಲ ಸುತ್ತು ಹೊಡೆಸಿದೆವು. ಮರುದಿನ ಬೆಳಿಗ್ಗೆ ಕಪ್ಪಿಗೆ ಸುರಿದು ಗುಂಡಿ ತಿರುಗಿಸಿದ್ದು ನಾನು. ಮುಳ್ಳು 30 ದಾಟಿತು, 40 ದಾಟಿತು. ಕಿಡಿ ಹಾರಿದ್ದು 54ಕ್ಕೆ. "ಇನ್ನಾ ಐದು ಸಲ ಉಳದದ" ಎಂದು ಅವರು ರಿಜಿಸ್ಟರ್ ನನ್ನ ಕಡೆ ಸರಿಸಿದರು.